ಪಿಯುಸಿ ಮುಗಿಸಿದವರಿಗೆ ಗುಡ್ಡ, ಕೆರೆ ಉಳಿಸುವ ಕೆಲಸ: ನಮ್ಮ ಕಡೆ ಆಗುತ್ತದಾ?

ಸಂಡೂರು ಸೀಮೆ: ಪಿಯುಸಿ, ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವರು ಊರೂರಲ್ಲೂ ಇದ್ದಾರೆ. ಇನ್ನೊಂದು ಕಡೆ ಗಣಿಗೆ ಅಗೆದು ಬಿಟ್ಟ ಗುಡ್ಡಗಳು, ಬಳ್ಳಾರಿ ಜಾಲಿ ತುಂಬಿದ ಕೆರೆಗಳು. ಒಂದು ವರ್ಷ ಸಂಬಳ ಕೊಟ್ಟು ಇವರಿಗೆ ಈ ಕೆಲಸ ಕಲಿಸಬಾರದಾ? ಅಮೆರಿಕದಲ್ಲಿ 1933ರಲ್ಲಿ ಆಗಿನ ಅಧ್ಯಕ್ಷ ರೂಸ್‌ವೆಲ್ಟ್ ಹೀಗೇ ಮಾಡಿದ್ದರು. ಸಿವಿಲಿಯನ್ ಕನ್ಸರ್ವೇಶನ್ ಕೋರ್ ಅಂತ ಹೆಸರು. 1942ರವರೆಗೆ ಸುಮಾರು 30 ಲಕ್ಷ ಯುವಕರು ಗಿಡ ನೆಟ್ಟರು, ಮಣ್ಣು ಕೊಚ್ಚಿ ಹೋಗದಂತೆ ತಡೆದರು. ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ ಹೆಚ್ಚಿನದು ನೇರ ಮನೆಗೆ ಹೋಗುತ್ತಿತ್ತು. ಸಂಜೆ ಕ್ಯಾಂಪಿನಲ್ಲೇ ಪಾಠ. ಅಕ್ಷರ ಬಾರದ ಸಾವಿರಾರು ಜನ ಅಲ್ಲೇ ಓದಲು ಕಲಿತರು.

ಮಾನ್ವಿ ಹುಡುಗ: ಅಣ್ಣ, ಇದು ನರೇಗಾ ಅಲ್ವಾ? ನಾವೂ ಬದು ಹಾಕಿದ್ದೇವೆ, ಕೆರೆ ಹೂಳು ಎತ್ತಿದ್ದೇವೆ. ಕೊನೆಗೆ ಕೈಯಲ್ಲಿ ಉಳಿದದ್ದು ಜಾಬ್ ಕಾರ್ಡ್ ಮಾತ್ರ. ಕೂಲಿ ತಡವಾದಾಗ ನನ್ನ ಗೆಳೆಯರು ಕಾಯಲಿಲ್ಲ, ಬೆಂಗಳೂರಿಗೆ ಗುಳೆ ಹೋದರು. ಅಲ್ಲಿ ವಾರಕ್ಕೆ ವಾರ ದುಡ್ಡು ಬರುತ್ತದೆ. ಓದಿದ ಮಗನ ಕೈಗೆ ಮತ್ತೆ ಸಲಿಕೆ ಕೊಟ್ಟರೆ ಯಾವ ಅವ್ವ ಒಪ್ಪುತ್ತಾಳೆ?

ಕುಷ್ಟಗಿ ಟೀಚರ್: ತಮ್ಮಾ, ಸಲಿಕೆ ಹಿಡಿಯುವುದರಲ್ಲೂ ಕಲಿಯುವುದು ಬಹಳ ಇದೆ. ಬಳ್ಳಾರಿ ಜಾಲಿಯನ್ನೇ ತಗೋ. ಮೇಲೆ ಕಡಿದರೆ ಮಳೆ ಬಿದ್ದ ಮೇಲೆ ಒಂದಕ್ಕೆ ನಾಲ್ಕು ಚಿಗುರು. ಬುಡದ ಸುತ್ತ ಮಣ್ಣು ತೆಗೆದು, ಚಿಗುರೊಡೆಯುವ ಗಂಟಿನ ಕೆಳಗೆ ಬೇರು ಕತ್ತರಿಸಬೇಕು. ಆಮೇಲೂ ಆಡು ಕುರಿ ಅದರ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಉದುರಿಸುತ್ತವೆ, ಹಾಗಾಗಿ ಮುಂದಿನ ವರ್ಷವೂ ಸಸಿ ಕೀಳಲು ಹೋಗಬೇಕು. ಯಾವ ಜಾಗದಲ್ಲಿ ಕಮರದ ಮರ ಬರುತ್ತದೆ, ಎಲ್ಲಿ ಬೇವು ಬರುತ್ತದೆ, ಕಂದಕ ಇಳಿಜಾರಿಗೆ ಅಡ್ಡವಾಗಿ ಯಾಕೆ ತೋಡಬೇಕು, ಇದೆಲ್ಲ ವಿಜ್ಞಾನವೇ. ನರೇಗಾದಲ್ಲಿ ಗುಂಡಿ ಅಳತೆ ಹಾಕಿದರು, ಇದನ್ನು ಕಲಿಸಲಿಲ್ಲ.

ಗವಿಮಠದ ಬಳಿ: 2019ರಲ್ಲಿ ನಮ್ಮ ಕೊಪ್ಪಳದ ಗವಿಮಠದ ಸ್ವಾಮೀಜಿ ಹಿರೇಹಳ್ಳ ಸ್ವಚ್ಛ ಮಾಡಲು ಇಳಿದಾಗ ಜನ ತಾವಾಗೇ ಬಂದು ದುಡಿದರು. ಅಂಥ ಸೇವೆ ಇರುವಾಗ ಸಂಬಳ ಯಾಕೆ?

ಸಂಡೂರು ಸೀಮೆ: ಆ ಕೆಲಸಕ್ಕೆ ಕೈ ಮುಗಿಯುತ್ತೇನೆ ಸರ್. ಆದರೆ ಬಡವರ ಮಕ್ಕಳನ್ನು ವರ್ಷಪೂರ್ತಿ ಪುಕ್ಕಟೆ ದುಡಿಸಿಕೊಳ್ಳುವುದು ತಪ್ಪು. ದುಡ್ಡಿಗೆ ದಾರಿ ಇದೆ. ಗಣಿ ಕಂಪನಿಗಳು ಕಟ್ಟುವ ಹಣ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬರುತ್ತದೆ. ಆ ಹಣ ಖರ್ಚು ಮಾಡಲು 2015ರಲ್ಲಿ ಬಂದ ಮಾರ್ಗಸೂಚಿಯಲ್ಲಿ ಪರಿಸರವೂ ಕೌಶಲ ತರಬೇತಿಯೂ ಆದ್ಯತೆಯ ಪಟ್ಟಿಯಲ್ಲೇ ಇವೆ. ಗುಡ್ಡ ಕಳೆದುಕೊಂಡ ಊರಿನ ಮಕ್ಕಳಿಗೆ ಆ ಹಣ ಸಿಗಲಿ.

ಗಂಗಾವತಿ ಅಕ್ಕ: ನೀವು ಹೇಳಿದ ಅಮೆರಿಕದ ಯೋಜನೆಗೆ ಗಂಡಸರನ್ನಷ್ಟೇ ತಗೊಂಡಿದ್ದರು. ಇಲ್ಲಿ ಹಾಗಾಗಬಾರದು. ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬಿ ಸಸಿ ಬೆಳೆಸುವ ಹೆಂಗಸರಿಗೆ ಸಸಿಯ ವಿಷಯ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅವರನ್ನೇ ಕಲಿಸಲು ಕರೆಯಿರಿ. ಕೆಲಸದ ಜಾಗದಲ್ಲಿ ಶೌಚಾಲಯ ಇಲ್ಲ ಅಂದರೆ ಯಾವ ಹುಡುಗಿಯೂ ಬರಲ್ಲ.

ರಾಯಚೂರು ಬಿಸಿಲು: ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಬೆಳಗ್ಗೆ ಆರಕ್ಕೆ ಶುರು ಮಾಡಿ ಹತ್ತೂವರೆಗೆ ನಿಲ್ಲಿಸಿ. ಪಾಠ ಮಧ್ಯಾಹ್ನ ನೆರಳಲ್ಲಿ ಆಗಲಿ.

ಮಾನ್ವಿ ಹುಡುಗ: ಪಾಠ ಆಯ್ತು, ಆಮೇಲೆ? ಸರ್ಟಿಫಿಕೇಟ್ ಗೋಡೆಗೆ ಹಾಕಲು ಬೇಡ. ಅರಣ್ಯ ವೀಕ್ಷಕರ ನೇಮಕಾತಿಯಲ್ಲಿ ಅದಕ್ಕೆ ಅಂಕ ಇರಬೇಕು.

ಕುಷ್ಟಗಿ ಟೀಚರ್: ಇದು ಸರಿಯಾದ ಮಾತು. ಸಂವಿಧಾನದ 371(ಜೆ) ವಿಧಿಯ ಉದ್ಯೋಗ ಮೀಸಲಾತಿ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಇದ್ದೇ ಇದೆ, ಅದರ ಜತೆ ಈ ಅಂಕವೂ ಸೇರಿದರೆ ಹುಡುಗರು ನಂಬುತ್ತಾರೆ.

ಸಂಡೂರು ಸೀಮೆ: ಜಿಲ್ಲಾಧಿಕಾರಿಗೆ ಮನವಿ ಬರೆಯುತ್ತಿದ್ದೇನೆ. ಮೊದಲು ಒಂದೇ ಕೆರೆ, ಒಂದೇ ಗುಡ್ಡ ಕೇಳೋಣ. ಎಲ್ಲರೂ ಸಹಿ ಹಾಕ್ತೀರಾ?

ಮಾನ್ವಿ ಹುಡುಗ: ಸಂಬಳ ತಿಂಗಳ ಮೊದಲ ವಾರವೇ ಬ್ಯಾಂಕಿಗೆ ಬೀಳಬೇಕು ಅಂತ ಮೊದಲ ಸಾಲಿನಲ್ಲಿ ಬರೆಯಿರಿ ಅಣ್ಣ. ಅದಿಲ್ಲದೆ ನಾನು ಸಹಿ ಹಾಕಲ್ಲ.