ಪದಚರ್ಚೆ: ‘ಜೀನ್ ಎಕ್ಸ್‌ಪ್ರೆಶನ್ ಮಾರ್ಕರ್’ಗೆ ಕನ್ನಡ ಬೇಕು, ಸೋಮವಾರದೊಳಗೆ

ಹುಬ್ಬಳ್ಳಿಯಿಂದ:
ಅಕ್ಯೂಟ್ ಲ್ಯುಕೇಮಿಯಾ (ಬೇಗ ಬೆಳೆಯುವ ರಕ್ತದ ಕ್ಯಾನ್ಸರ್) ರೋಗಿಗಳ ಒಪ್ಪಿಗೆ ಪತ್ರ ಸೋಮವಾರ ಅಚ್ಚಿಗೆ ಹೋಗಬೇಕು. ರೂಢಿಯಲ್ಲಿರುವುದು ‘ವಂಶವಾಹಿ ಅಭಿವ್ಯಕ್ತಿ ಸೂಚಕ’. ‘ವಂಶವಾಹಿ’ ಅಂದಕೂಡಲೇ ಮನೆಯವರು ಕೇಳುವುದು, ‘ಮಕ್ಕಳಿಗೂ ಬರತದೇನ್ರಿ?’ ಇಲ್ಲಿ ಅಳೆಯುವುದು ಡಬ್ಲ್ಯೂಟಿ1 ಎಂಬ ಜೀನಿನ ಮಟ್ಟ. ಆ ಜೀನ್ ಎಲ್ಲರಲ್ಲೂ ಇದೆ. ಅದರಿಂದ ನಕಲಾದ ಆರ್‌ಎನ್‌ಎ ಎಷ್ಟು ಎಂಬುದು ಲೆಕ್ಕ. ಹೋಲಿಕೆಗೆ ಇಟ್ಟುಕೊಳ್ಳುವ ಇನ್ನೊಂದು ಜೀನ್ ಎಬಿಎಲ್1. ಅದರ 10,000 ಆರ್‌ಎನ್‌ಎ ಪ್ರತಿಗಳಿಗೆ ಡಬ್ಲ್ಯೂಟಿ1 ಪ್ರತಿಗಳು ಮೂಳೆಯ ಮಜ್ಜೆಯಲ್ಲಿ 250, ರಕ್ತದಲ್ಲಿ 50 ದಾಟಿದರೆ ಹೆಚ್ಚು ಎಂದು ಹಿಡಿಯುತ್ತಾರೆ.

ಧಾರವಾಡದಿಂದ:
‘ಅಭಿವ್ಯಕ್ತಿ’ ಬಿಡಬೇಡಿ. ಅಭಿ + ವಿ + ಅಂಜ್, ಕಾಣುವಂತೆ ಮಾಡು. ಅಂಜನ, ವ್ಯಂಜನ ಎಲ್ಲ ಅದೇ ಧಾತು. ಅಡಗಿದ್ದು ಹೊರಗೆ ಕಾಣುವುದಕ್ಕೆ ಇದಕ್ಕಿಂತ ಒಳ್ಳೆಯ ಪದವಿಲ್ಲ. ಮಾರ್ಕರ್‌ಗೆ ನಮ್ಮ ಕಡೆಯ ‘ಖೂನ’ ಇದೆಯಲ್ಲ.

ಗದಗದಿಂದ:
ರೋಗಿಗೆ ಧಾತು ಬೇಡ. ‘ಪೀಳಿಹೊಮ್ಮಿಕೆ ಗುರುತು’. ಪೀಳಿ ಅಂದರೆ ಜೀನ್, ಹೊಮ್ಮಿಕೆ ಅಂದರೆ ಅಭಿವ್ಯಕ್ತಿ. ಅಚ್ಚಗನ್ನಡ, ಮುಗಿಯಿತು.

ಹುಬ್ಬಳ್ಳಿಯಿಂದ:
ಮುಗಿಯಲಿಲ್ಲ. ‘ಪೀಳಿ’ಯ ಬೆನ್ನಿಗೆ ‘ಪೀಳಿಗೆ’ ಇದೆ, ವಂಶವಾಹಿಯ ತೊಡಕೇ ಮತ್ತೆ. ‘ಖೂನ’ವನ್ನು ಕ್ಯಾನ್ಸರ್ ವಾರ್ಡಿನಲ್ಲಿ ‘ಖೂನಿ’ ಎಂದು ಓದುತ್ತಾರೆ.

ಹಾವೇರಿಯಿಂದ:
ಪದ ಯಾವುದೇ ಇರಲಿ, ‘ಏರಿದೆ, ಇಳಿದಿದೆ’ ಅದರ ಜೊತೆ ಕೂಡಬೇಕು. ಮೊದಲ ಸುತ್ತಿನ ಕೀಮೋ ಆದ ಮೇಲೆ ಡಬ್ಲ್ಯೂಟಿ1 ನೂರು ಪಟ್ಟು ಇಳಿಯದಿದ್ದರೆ ಕಾಯಿಲೆ ಮರುಕಳಿಸುವ ಭಯ ಹೆಚ್ಚು. ರೋಗಿಗೆ ಹೇಳಬೇಕಾದದ್ದು ಅದು. ‘ಅಭಿವ್ಯಕ್ತಿ ಇಳಿದಿದೆ’ ಅಂದರೆ ಯಾರಿಗೆ ತಿಳಿದೀತು? ‘ಜೀನಿನ ಚಟುವಟಿಕೆ ಇಳಿದಿದೆ’ ತಿಳಿಯುತ್ತದೆ. ಎಫ್‌ಎಲ್‌ಟಿ3 ಎಂಬ ಜೀನಿನಲ್ಲಿ ಕಾಣುವ ಐಟಿಡಿ ಎಂಬ ದೋಷವನ್ನು ಇದರೊಳಗೆ ಸೇರಿಸಬೇಡಿ. ಅಲ್ಲಿ ಜೀನಿನ ಒಂದು ತುಣುಕೇ ಎರಡೆರಡು ಸಲ ಬರೆದುಕೊಂಡಿರುತ್ತದೆ. ಅದು ಬದಲಾವಣೆ, ಮಟ್ಟವಲ್ಲ. ಇನ್ನೊಂದು: ನಮೂನೆ ತಡವಾಗಿ ತಲುಪಿದರೆ ಆರ್‌ಎನ್‌ಎ ಒಡೆದು ಎಬಿಎಲ್1 ಪ್ರತಿಗಳೇ ಕುಸಿಯುತ್ತವೆ. ಹಸಿರು ಮುಚ್ಚಳದ ಟ್ಯೂಬಿನಲ್ಲಿ ಕಳಿಸಿದರೆ ಅದರಲ್ಲಿರುವ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಹಾಕುವ ದ್ರವ್ಯ) ಪ್ರತಿಗಳನ್ನು ಎಣಿಸುವ ಪಿಸಿಆರ್ ಪರೀಕ್ಷೆಯನ್ನೇ ತಡೆಯುತ್ತದೆ. ಇಡಿಟಿಎ ಎಂಬ ಬೇರೆ ದ್ರವ್ಯವಿರುವ ನೇರಳೆ ಮುಚ್ಚಳದ ಟ್ಯೂಬು ಬೇಕು. ಇಂಥ ವರದಿಗೆ ‘ಕಂಡುಬಂದಿಲ್ಲ’ ಎಂದು ಬರೆಯಲೇಬಾರದು, ‘ನಮೂನೆ ಪರೀಕ್ಷೆಗೆ ಸಾಲದು’ ಎನ್ನಿ.

ಧಾರವಾಡದಿಂದ:
‘ಚಟುವಟಿಕೆ’ ಕಿಣ್ವಗಳಿಗೆ ಆಗಲೇ ಹೋಗಿದೆ. ಒಂದೇ ಪದ ಎರಡು ಕಡೆ ಸಲ್ಲದು.

ಗದಗದಿಂದ:
ಸಲ್ಲುತ್ತದೆ, ಕನ್ನಡವಲ್ಲವೇ. ‘ಜೀನ್’ ಯಾಕೆ ಉಳಿಯಿತು?

ಹಾವೇರಿಯಿಂದ:
ದವಾಖಾನಿಗೆ ಹೋಗಿ ನಮೂನೆ ಕೊಟ್ಟು ತಾರೀಖು ಕೇಳಿ ಬರುವ ಜನ ನಾವು. ‘ದವಾಖಾನಿ’, ‘ನಮೂನೆ’, ‘ತಾರೀಖು’ ಮೂರೂ ಪದ ಹೊರಗಿನಿಂದ ಬಂದವು, ಇಂದು ನಮ್ಮವು. ಜೀನೂ ಹಾಗೆಯೇ.

ಹುಬ್ಬಳ್ಳಿಯಿಂದ:
ರೋಗಿಯ ಪತ್ರಕ್ಕೆ ‘ಜೀನಿನ ಚಟುವಟಿಕೆಯ ಮಟ್ಟ ತೋರುವ ಗುರುತು’, ವೈದ್ಯರ ಪುಟಕ್ಕೆ ‘ಜೀನ್ ಅಭಿವ್ಯಕ್ತಿ’ ಹಾಕುತ್ತೇನೆ. ‘ಅಕ್ಯೂಟ್’ಗೆ ‘ತೀವ್ರ’ ಬರೆದಿದ್ದೇನೆ. ಅದು ‘ಜೋರಾದ’ ಎಂದು ಕೇಳಿಸುತ್ತದೆ, ಬೇಕಾದದ್ದು ‘ಬೇಗ ಬೆಳೆಯುವ’. ಇದಕ್ಕೂ ಇಂದೇ ತಿಳಿಸಿರಿ.