ಅಯೋರ್ಟಾ ಬುಡದ ಪಿವಿಸಿಗೆ ಅಬ್ಲೇಶನ್: ಪ್ರಶ್ನೋತ್ತರ

ಪ್ರಶ್ನೆ (ಮೂಡಿಗೆರೆ): ನಮಸ್ಕಾರ ಡಾಕ್ಟ್ರೇ. ನಮ್ಮಕ್ಕನಿಗೆ 41 ವರ್ಷ. ಎದೆ ಧಸಕ್ ಅನ್ನುತ್ತೆ ಅಂತ ಹಾಸನದಲ್ಲಿ ತೋರಿಸಿದ್ವಿ. 24 ಗಂಟೆ ಮೈಗೆ ಕಟ್ಟಿ ಬಡಿತ ದಾಖಲಿಸುವ ಹೋಲ್ಟರ್‌ನಲ್ಲಿ 1,02,000 ಬಡಿತ, ಅದರಲ್ಲಿ 23,000 ಪಿವಿಸಿ (ಕೆಳಕೋಣೆಯಿಂದ ಅವಧಿಗೆ ಮುಂಚೆ ಬರುವ ಬಡಿತ). ಎಕೋದಲ್ಲಿ ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು) ಶೇ. 48. ಮೆಟೊಪ್ರೊಲಾಲ್ ಮಾತ್ರೆಗೆ ಬಗ್ಗಲಿಲ್ಲ. ಆಂಜಿಯೋಗ್ರಾಮ್ ಕ್ಲೀನ್. ಆದ್ರೂ 'ಅಯೋರ್ಟಾ (ಹೃದಯದಿಂದ ಹೊರಡುವ ಮಹಾಧಮನಿ) ಬುಡದಿಂದ ಬರ್ತಿದೆ, ಅಬ್ಲೇಶನ್ (ಆ ಜಾಗ ಸುಡೋದು) ಮಾಡಿಸಿ' ಅಂದಿದ್ದಾರೆ. ಬ್ಲಾಕೇ ಇಲ್ಲದಿದ್ರೆ ಸುಡೋದು ಏನನ್ನ?

ಉತ್ತರ (ಹೃದಯ ಲಯ ತಜ್ಞರು): 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿ ಬಂದಮೇಲೆ ಎದೆ ಅಂದ್ರೆ ಬ್ಲಾಕ್ ಅಂತಲೇ ಎಲ್ಲರ ತಲೇಲಿ ಕೂತಿದೆ. ಬ್ಲಾಕ್ ರಕ್ತನಾಳದ ತೊಂದರೆ, ಪಿವಿಸಿ ಕರೆಂಟಿನ ತೊಂದರೆ. ಅಯೋರ್ಟಾ ಕವಾಟದ ಮೂರು ಎಸಳುಗಳ ಹಿಂದೆ ಮೂರು ಗುಳಿಗಳಿವೆ. ಎಡ ಮತ್ತು ಬಲ ಗುಳಿಗಳ ಬುಡಕ್ಕೆ ಕೆಳಕೋಣೆಯ ಸ್ನಾಯುವಿನ ಎಳೆಗಳು ಹತ್ತಿರುತ್ತವೆ. ಅವು ತಾವಾಗಿಯೇ ಮಿಡಿದರೆ ಪಿವಿಸಿ, ಸುಡೋದು ಆ ಜಾಗವನ್ನೇ. ಮೂರನೆಯ ಗುಳಿ ಮೇಲ್ಕೋಣೆಗಳಿಗೆ ಒರಗಿದೆ, ಅಲ್ಲಿ ಸಿಗೋದು ಹೆಚ್ಚಾಗಿ ಮೇಲ್ಕೋಣೆಯ ಟ್ಯಾಕಿಕಾರ್ಡಿಯಾ (ಅತಿವೇಗದ ಬಡಿತ).

ನಿಮ್ಮಕ್ಕನ ಒಟ್ಟು ಬಡಿತದಲ್ಲಿ ಪಿವಿಸಿ ಸುಮಾರು ಶೇ. 22.5. ಶೇ. 10 ದಾಟಿದರೇ ಎಕೋ ಮೇಲೆ ಕಣ್ಣಿಡ್ತೀವಿ. ಇಷ್ಟು ಪಿವಿಸಿ ಜೊತೆ ಇಎಫ್ ಇಳಿದಿದ್ದರೆ ಅಬ್ಲೇಶನ್ ಸರಿಯಾದ ಸಲಹೆ. ಆದರೆ ಮೊದಲು ಹೃದಯದ ಎಂಆರ್‌ಐ ಆಗಿದೆಯಾ ಕೇಳಿ. ಸ್ನಾಯುವಿನಲ್ಲಿ ಗಾಯದ ಕಲೆ ಇದ್ದರೆ ಲೆಕ್ಕವೇ ಬೇರೆ.

ಪ್ರಶ್ನೆ (ಬೇಲೂರು): ಇಸಿಜಿ ನೋಡೇ ಜಾಗ ಹೇಳ್ತಾರಲ್ಲ ಸರ್, ಹೇಗೆ?

ಉತ್ತರ: 12 ಲೀಡ್ (ಹನ್ನೆರಡು ಕೋನದಿಂದ ನೋಡುವ) ಇಸಿಜಿಯಲ್ಲಿ ಪಿವಿಸಿ ಸಿಕ್ಕಿರಬೇಕು. ಎರಡು-ಮೂರು ಚಾನಲ್‌ನ ಹೋಲ್ಟರ್ ಎಣಿಕೆ ಕೊಡುತ್ತೆ, ವಿಳಾಸ ಕೊಡಲ್ಲ. ಹೃದಯವನ್ನ ಕೆಳಗಿನಿಂದ ನೋಡುವ ಲೀಡ್ 2, 3, ಎವಿಎಫ್‌ನಲ್ಲಿ ಎತ್ತರದ ಆರ್ ಅಲೆ (ಮೇಲಕ್ಕೇಳುವ ಗೆರೆ) ಇದ್ದರೆ ಮೂಲ ಮೇಲಿದೆ ಎಂದರ್ಥ. ಅಯೋರ್ಟಾ ಇರೋದು ಬಲಕೋಣೆಯ ಹೊರದಾರಿಯ ಹಿಂದೆ, ಹಾಗಾಗಿ ಅಲ್ಲಿಂದ ಹೊರಟ ಅಲೆ ಮುಂದಕ್ಕೆ ಬರುತ್ತೆ, ಎದೆಯ ಮೇಲಿನ ಮೊದಲ ಲೀಡ್ ವಿ1-ವಿ2ರಲ್ಲೇ ಆರ್ ದೊಡ್ಡದಾಗುತ್ತೆ. ಆರ್ ದೊಡ್ಡದಾಗೋದು ವಿ3ರಲ್ಲಾದರೆ ಮೂಲ ಬಲಕೋಣೆಯ ಕಡೆಯೋ ಎಡದ ಕಡೆಯೋ ಅಂತ ಗೊಂದಲ. ಎರಡೂ ಕಡೆ ಹುಡುಕಬೇಕಾಗುತ್ತೆ. ಪಿವಿಸಿ ಇರುವ ಆ ಇಸಿಜಿ ಹಾಳೆಯನ್ನ ತಪ್ಪದೇ ಒಯ್ಯಿರಿ.

ಪ್ರಶ್ನೆ (ಮೂಡಿಗೆರೆ): ಮಾಡೋದು ಹೇಗೆ? ಪೂರ್ತಿ ಅರಿವಳಿಕೆ ಕೊಡ್ತಾರಾ?

ಉತ್ತರ: ಸಾಮಾನ್ಯವಾಗಿ ಇಲ್ಲ. ಗಾಢ ನಿದ್ದೆಯಲ್ಲಿ ಪಿವಿಸಿಯೂ ಮಲಗಿಬಿಡುತ್ತೆ, ಆಮೇಲೆ ಹುಡುಕೋದು ಏನನ್ನ? ಅದಕ್ಕೇ ಮೆಟೊಪ್ರೊಲಾಲನ್ನೂ ಕೆಲವು ದಿನ ಮೊದಲು ನಿಲ್ಲಿಸ್ತಾರೆ. ಡಾಕ್ಟರ್ ಹೇಳಿದ ದಿನವೇ ನಿಲ್ಲಿಸಿ, ನೀವಾಗಿ ಬೇಡ.

ತೊಡೆಸಂದಿನ ಧಮನಿಯಿಂದ ಕ್ಯಾಥೆಟರ್ (ತೆಳು ಕೊಳವೆ) ಅಯೋರ್ಟಾಗೆ ಏರುತ್ತೆ. ತುದಿಯಲ್ಲಿ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಾರದೆಂದು ಹೆಪಾರಿನ್ ಕೊಟ್ಟು ಎಸಿಟಿಯನ್ನ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) 300 ಸೆಕೆಂಡ್ ಆಸುಪಾಸಿನಲ್ಲಿ ಇಡ್ತಾರೆ. ಇಸಿಜಿಯಲ್ಲಿ ಕೆಳಕೋಣೆಯ ಮಿಡಿತ ತೋರುವ ಕ್ಯೂಆರ್‌ಎಸ್ ಅಲೆಗಿಂತ 25-30 ಮಿಲಿಸೆಕೆಂಡ್ ಮೊದಲೇ ಸಿಗ್ನಲ್ ಬರುವ ಬಿಂದು ಸಿಕ್ಕರೆ ಅದೇ ಜಾಗ.

ಅಸಲಿ ಕೆಲಸ ಇಲ್ಲಿ. ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳಗಳ ಬಾಯಿ ಇರೋದು ಇದೇ ಎಡ-ಬಲ ಗುಳಿಗಳಲ್ಲಿ. ಎಡ ಮುಖ್ಯನಾಳದ ಬಾಯಿ ಸುಟ್ಟು ಮುಚ್ಚಿಕೊಂಡರೆ ಟೇಬಲ್ ಮೇಲೇ ಹೃದಯಾಘಾತ. ಆದ್ದರಿಂದ ಕ್ಯಾಥೆಟರ್ ಇಟ್ಟ ಹಾಗೇ ಆಂಜಿಯೋ ತೆಗೆದೋ ಹೃದಯದೊಳಗಿನ ಅಲ್ಟ್ರಾಸೌಂಡ್‌ನಲ್ಲಿ ನೋಡಿಯೋ ಅಂತರ ಅಳೀತಾರೆ. 5 ಮಿಲಿಮೀಟರ್‌ಗಿಂತ ಹತ್ತಿರವಿದ್ದರೆ ಸುಡೋದಿಲ್ಲ; 10 ಇದ್ದರೆ ನೆಮ್ಮದಿ. ಕರೆಂಟನ್ನ 20 ವ್ಯಾಟ್‌ನಿಂದ ಶುರು ಮಾಡಿ ಮೆಲ್ಲಗೆ ಏರಿಸ್ತಾರೆ, 10-15 ಸೆಕೆಂಡಿನಲ್ಲಿ ಪಿವಿಸಿ ನಿಲ್ಲದಿದ್ದರೆ ಜಾಗ ಬದಲಿಸ್ತಾರೆ. ಬಲ ಗುಳಿಯ ಹಿಂಬದಿಯಲ್ಲಿ ಇನ್ನೊಂದು ಭಯ: ಮೇಲ್ಕೋಣೆಯಿಂದ ಕೆಳಕೋಣೆಗೆ ಕರೆಂಟು ಒಯ್ಯುವ ಹಿಸ್ ತಂತು ಪಕ್ಕದಲ್ಲೇ ಇದೆ, ಕೆಟ್ಟರೆ ಪೇಸ್‌ಮೇಕರ್ ಬೇಕಾಗಬಹುದು.

'ಹತ್ತಿರ ಇತ್ತು, ಸುಡದೇ ಬಿಟ್ವಿ' ಅಂದರೆ ಡಾಕ್ಟರಿಗೆ ಬರಲಿಲ್ಲ ಅಂದ್ಕೋಬೇಡಿ. ಅದು ಒಳ್ಳೆಯ ಡಾಕ್ಟರ ಲಕ್ಷಣ. ಕೆಲವೊಮ್ಮೆ ಮೂಲ ಹೃದಯದ ಹೊರಮೈಯಲ್ಲಿರುತ್ತೆ, ಕೊರೊನರಿ ಸೈನಸ್ ಎಂಬ ರಕ್ತನಾಳದ ದಾರಿಯಿಂದ ಮತ್ತೊಮ್ಮೆ ಪ್ರಯತ್ನಿಸಬೇಕಾಗುತ್ತೆ.

ಪ್ರಶ್ನೆ (ಮೂಡಿಗೆರೆ): ಮೆಣಸು ಕೊಯ್ಲು ಶುರುವಾಗುತ್ತೆ. ಏಣಿ ಹತ್ತಬಹುದಾ?

ಉತ್ತರ (ಕ್ಯಾಥ್‌ಲ್ಯಾಬ್ ನರ್ಸ್): ಒಂದು ವಾರ ಏಣಿ, ಮೂಟೆ, ಕುಕ್ಕರುಗಾಲು ಯಾವುದೂ ಬೇಡ ಅಣ್ಣ. ಮೊದಲ 4-6 ಗಂಟೆ ಕಾಲು ಮಡಚದೆ ಮಲಗಿರಬೇಕು. ಊರಿಗೆ ಬಂದಮೇಲೆ ತೊಡೆಸಂದಿನಲ್ಲಿ ಮಿಡಿಯುವ ಗಂಟು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ರಕ್ತ ಬಂದರೆ ಮಲಗಿಸಿ ಅಂಗೈಯಿಂದ ಬಲವಾಗಿ ಒತ್ತಿಹಿಡಿದೇ ಕರ್ಕೊಂಡು ಬನ್ನಿ. ಎದೆನೋವು, ತಲೆಸುತ್ತು, ಮಾತು ತೊದಲಿದರೆ ತಕ್ಷಣ 108. ಬಿಪಿಎಲ್ ಕಾರ್ಡ್ ಇದ್ದರೆ ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನ (ಸರ್ಕಾರಿ ಆರೋಗ್ಯ ಯೋಜನೆಯ ಸಹಾಯಕರು) ಕಾಣಿ. ಹೃದಯದ ನಕ್ಷೆ ತೆಗೆಯುವ 3ಡಿ ಮ್ಯಾಪಿಂಗ್ ಕ್ಯಾಥೆಟರ್‌ನ ದುಡ್ಡು ಪ್ಯಾಕೇಜ್‌ನಲ್ಲಿ ಸೇರಿದೆಯೋ ಇಲ್ಲವೋ ಬರವಣಿಗೆಯಲ್ಲಿ ಕೇಳಿ. ಮೂರು ತಿಂಗಳಿಗೆ ಹೋಲ್ಟರ್, ಎಕೋ ಮತ್ತೆ ಮಾಡಿಸಿ. ಇಎಫ್ ಮೇಲೇರೋಕೆ ತಿಂಗಳುಗಳೇ ಬೇಕು.