ಕಾಸರಗೋಡಿನಲ್ಲಿ ಅಕ್ವೇರಿಯಂ ವಿಸ್ತರಣೆ: ಕಡಲ ನೀರು ಎಲ್ಲಿಂದ?

ಪ್ರಶ್ನೆ: ಈಗಿರುವ ಸಿಹಿನೀರಿನ ಅಕ್ವೇರಿಯಂಗೆ 20,000 ಲೀಟರಿನ ಕಡಲಮೀನಿನ ತೊಟ್ಟಿ ಸೇರಿಸುವ ಯೋಜನೆ ಇದೆ. ಚಂದ್ರಗಿರಿ ಅಳಿವೆಯಿಂದ ನೀರೆತ್ತಬಹುದೇ? ಮೀನು ಯಾವಾಗ ಬಿಡಬೇಕು?

ಉತ್ತರ 1: ಅಳಿವೆ ಖಂಡಿತ ಬೇಡ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಹೊಳೆನೀರು ನುಗ್ಗಿ, ಲೀಟರಿಗೆ ಸುಮಾರು 35 ಗ್ರಾಂ ಇರಬೇಕಾದ ಉಪ್ಪು ತೀರಾ ಇಳಿಯುತ್ತದೆ, ಕೆಸರು ಬೇರೆ. ಬೇಸಿಗೆಯಲ್ಲೇ ತೆರೆದ ಕಡಲಿನಿಂದ ಎತ್ತಿ, ಮರಳಿನ ಫಿಲ್ಟರಿನಲ್ಲಿ ಸೋಸಿ, ಮುಚ್ಚಿದ ಟ್ಯಾಂಕಿಯಲ್ಲಿಡಿ. ಆವಿಯಾದಷ್ಟಕ್ಕೆ ಸಿಹಿನೀರನ್ನೇ ಸೇರಿಸಿ. ಕಡಲನೀರು ಹಾಕಿದರೆ ಉಪ್ಪು ಏರುತ್ತಲೇ ಹೋಗುತ್ತದೆ.

ಉತ್ತರ 2: ಮೀನಿನ ಕೊಳೆಯಿಂದ ಹುಟ್ಟುವ ವಿಷವನ್ನು (ಅಮೋನಿಯಾ, ಅದರಿಂದಾಗುವ ನೈಟ್ರೈಟ್) ಕಳೆಯುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವ ತನಕ ಮೀನು ಬಿಡಬೇಡಿ, ಉದ್ಘಾಟನೆಯ ದಿನ ಗೊತ್ತಾಗಿದ್ದರೂ ಸರಿ.

ಉತ್ತರ 3: ತಾಮ್ರ, ಹಿತ್ತಾಳೆಯ ವಾಲ್ವ್ ಹಾಕಬೇಡಿ, ನೀರಿಗೆ ತಾಮ್ರ ಬಿಟ್ಟರೆ ಸಿಗಡಿ ಉಳಿಯುವುದಿಲ್ಲ. ಪಿವಿಸಿ ಸಾಕು.